ಸಾಂತೋಮ್ ಪ್ರಧಾನಾಲಯ ಮತ್ತು ರಾಮರಾಯನ ದಂಡಯಾತ್ರೆ

ಕೋಯಂಬೇಡಿನ ಬಸ್ ನಿಲ್ದಾಣವು 2002ರಲ್ಲಿ ಆರಂಭವಾದ ಮೇಲೆ ಬೆಂಗಳೂರಿನ ಕಡೆಯಿಂದ ಚೆನ್ನೈಗೆ ಬಂದ ಕನ್ನಡ ಸಂಶೋಧಕರಲ್ಲಿ ಅನೇಕರು ಮೊದಲು ಇಳಿದದ್ದು ಅಲ್ಲಿಯೇ. ಅಲ್ಲಿಂದ ಅವರು ಅರಸಿಕೊಂಡು ಹೋಗುವುದು ಸಾಮಾನ್ಯವಾಗಿ ಪ್ರಾಚ್ಯ ಹಸ್ತಪ್ರತಿ ಭಂಡಾರವನ್ನು, ಇಲ್ಲವೆ ಎಗ್ಮೋರಿನ ವಸ್ತುಸಂಗ್ರಹಾಲಯವನ್ನು. ಮೈಲಾಪುರದ ಕಡಲತೀರದಲ್ಲಿರುವ ಸಾಂತೋಮ್ ಪ್ರಧಾನಾಲಯದತ್ತ ಹೋಗುವವರು ವಿರಳ. ಮೊನಚು ಕಮಾನುಗಳ ಆ ಬಿಳಿಯ ಕಟ್ಟಡಕ್ಕೂ ಕನ್ನಡ ನಾಡಿನ ಚರಿತ್ರೆಗೂ ಸಂಬಂಧವಿದೆಯೆಂದು ಯಾರಿಗೂ ತೋರುವುದಿಲ್ಲ. ಈ ಭಾವನೆ ಸರಿಯಲ್ಲವೆಂಬುದೇ ಪ್ರಸ್ತುತ ಲೇಖನದ ವಾದ.

ಈಗಿನ ಕಟ್ಟಡವು ಪ್ರಾಚೀನವಾದುದಲ್ಲ. ಪೋರ್ಚುಗೀಸರ ಹಳೆಯ ಇಗರ್ಜಿಯನ್ನು 1893ರಲ್ಲಿ ಕೆಡವಿ, ಬಿಷಪ್ ಹೆನ್ರಿಕ್ ಜೋಸೆ ರೀಡ್ ದ ಸಿಲ್ವಾ ಅವರ ಕಾಲದಲ್ಲಿ ಇದನ್ನು ಕಟ್ಟಿಸಲಾಯಿತು. 1896ರಲ್ಲಿ ಇದರ ಪ್ರತಿಷ್ಠಾಪನೆ ನಡೆಯಿತು. ಪ್ಯಾರಿಸಿನ ನೋತ್ರ್ ದಾಮ್ ಕೆಥೆಡ್ರಲ್ 1163ರಲ್ಲಿ ಆರಂಭವಾಗಿ ಮುಗಿಯಲು ಹೆಚ್ಚುಕಡಿಮೆ ಎರಡು ಶತಮಾನಗಳನ್ನು ತೆಗೆದುಕೊಂಡಿತು. ಸಾಂತೋಮಿನ ಗಾಥಿಕ್ ಮೂರು ವರ್ಷಗಳ ಗಾಥಿಕ್! ಇದರ ಎತ್ತರದ ಗೋಪುರ ಸುಮಾರು 155 ಅಡಿ. ಸಂತ ತೋಮನದೆಂದು ನಂಬಲಾದ ಸಮಾಧಿಯ ಸ್ಥಾನವನ್ನು ಮತ್ತೊಂದು ಚಿಕ್ಕ ಗೋಪುರವು ಸೂಚಿಸುತ್ತದೆ. ಗೋವೆಯಲ್ಲಿ ಪೋರ್ಚುಗೀಸರು ಕಟ್ಟಿಸಿದ ಪ್ರಸಿದ್ಧ ಇಗರ್ಜಿಗಳು ಈ ಶೈಲಿಯವಲ್ಲವೆಂಬುದು ಗಮನಾರ್ಹ. ಪೋರ್ಚುಗೀಸ್ ಪೋಷಣೆಯ ಧರ್ಮಪ್ರಾಂತವೊಂದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಅಭಿರುಚಿಗೆ ಒಲಿದುದಕ್ಕೆ ಈ ಕಟ್ಟಡ ಸಾಕ್ಷಿ. 1956ರಲ್ಲಿ ಇದಕ್ಕೆ ಬೆಸಿಲಿಕಾ ಪದವಿ ದೊರೆಯಿತು.

ನಮಗೆ ಮುಖ್ಯವಾದುದು ಕೆಡವಲಾದ ಇಗರ್ಜಿಯ ಕಾಲ. ಸಂತನ ಸಮಾಧಿಯ ಪ್ರಸ್ತಾಪ ಹದಿಮೂರನೆಯ ಶತಮಾನದ ಮಾರ್ಕೊ ಪೋಲೊನ ಬರವಣಿಗೆಯಲ್ಲಿಯೇ ಇದೆ. ಪೋರ್ಚುಗೀಸರು 1523ರ ಸುಮಾರಿಗೆ ಆ ಸ್ಥಳವನ್ನು ಅಗೆಸಿ, ಅಲ್ಲಿ ಇಗರ್ಜಿಯನ್ನು ಕಟ್ಟಿದರು. ಆಗ ಈ ತೀರವು ವಿಜಯನಗರದ ಅರಸರ ಆಳ್ವಿಕೆಗೆ ಒಳಪಟ್ಟಿತ್ತು; ಸಾಂತೋಮಿನ ಪೋರ್ಚುಗೀಸರು ಅರಸನ ನೆಲದಲ್ಲಿ ನೆಲಸಿದ ವರ್ತಕರು ಮಾತ್ರ. 1547ರಲ್ಲಿ ಸದಾಶಿವರಾಯನ ಆಸ್ಥಾನಕ್ಕೂ ಗೋವೆಯ ಪೋರ್ಚುಗೀಸರಿಗೂ ಒಪ್ಪಂದವಾಗಿದ್ದಿತು. ಕುದುರೆಗಳ ವ್ಯಾಪಾರ ಅದರ ಮುಖ್ಯ ವಿಷಯ. ಹೀಗಿದ್ದೂ 1558ರ ಸುಮಾರಿಗೆ ಅಳಿಯ ರಾಮರಾಯನು ದೊಡ್ಡ ಸೈನ್ಯದೊಡನೆ ಸಾಂತೋಮಿನ ಮೇಲೆ ನಡೆದನು.

ಈ ಘಟನೆಯನ್ನು ವಿವರಿಸುವವನು ಪೋರ್ಚುಗೀಸ್ ಇತಿಹಾಸಕಾರ ದಿಯೊಗೊ ದೊ ಕೂತೊ. ಫಾದರ್ ಹೆರಾಸ್ ಅವರು 1927ರಲ್ಲಿ ಪ್ರಕಟವಾದ ಅರವೀಡು ವಂಶದ ಗ್ರಂಥದಲ್ಲಿ ಇದನ್ನು ಚರ್ಚಿಸಿದ್ದಾರೆ. ಪಾದ್ರಿಗಳು ದೇವಾಲಯಗಳನ್ನು ಕೆಡವಿದರೆಂಬ ಬ್ರಾಹ್ಮಣರ ದೂರು ಒಂದು ಕಾರಣ. ಊರಿನ ಸಂಪತ್ತಿನ ಬಗೆಗಿನ ಉತ್ಪ್ರೇಕ್ಷಿತ ವರದಿ ಮತ್ತೊಂದು. ಊರಿನವರು ಕಾದಾಡದೆ ಶರಣಾದರು. ಒಂದು ಲಕ್ಷ ವರಹದ ಕಪ್ಪ ನಿಶ್ಚಯವಾಯಿತು. ಅರ್ಧವನ್ನು ಕೂಡಲೇ ಪಡೆದು, ಉಳಿದುದಕ್ಕೆ ಒತ್ತೆಯಾಗಿ ಪ್ರಮುಖರನ್ನು ಕರೆದೊಯ್ಯಲಾಯಿತು. ಇಗರ್ಜಿಯಿಂದ ತೆಗೆದಿದ್ದ ಪವಿತ್ರ ಅವಶೇಷಗಳನ್ನು ರಾಮರಾಯನು ಹಿಂದಿರುಗಿಸಿದನೆಂದೂ ಹೇಳಿದೆ.

ಇದನ್ನು ಧರ್ಮಯುದ್ಧವೆಂದು ಓದುವವರಿದ್ದಾರೆ, ಬರಿಯ ಸುಲಿಗೆಯೆಂದು ಓದುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಊರನ್ನು ನಾಶಮಾಡದೆ ಕಪ್ಪವನ್ನು ಕಂತಾಗಿ ಗೊತ್ತುಪಡಿಸಿ, ಅವಶೇಷಗಳನ್ನು ಮರಳಿಸಿದ ಕ್ರಮವು ಅಂಕೆ ಮೀರಿದ ಪ್ರಜೆಗಳನ್ನು ಅರಸನೊಬ್ಬನು ದಂಡಿಸಿದ ಕ್ರಮದಂತಿದೆ. ಅವಶೇಷಗಳು ಮರಳಿದ ಸಂಗತಿಯನ್ನು ದಾಖಲಿಸಿರುವವರು ಸೋತವರೇ. ರಾಮರಾಯನನ್ನು ಹೊಗಳಬೇಕಾದ ಹಂಗು ಅವರಿಗಿರಲಿಲ್ಲ.

ದಂಡಯಾತ್ರೆಯ ತರುವಾಯವೂ ವಸತಿ ಅಳಿಯಲಿಲ್ಲ. 1565ರ ತಾಳೀಕೋಟೆಯ ಸೋಲಿನ ನಂತರವೂ ಈ ತೀರದ ಮೇಲೆ ಅರವೀಡು ಅರಸರ ಹಕ್ಕು ಮುಂದುವರಿಯಿತು. 1606ರಲ್ಲಿ ಮೈಲಾಪುರದ ಸಂತ ತೋಮನ ಧರ್ಮಪ್ರಾಂತವು ಸ್ಥಾಪಿತವಾಗಿ ಹಳೆಯ ಇಗರ್ಜಿ ಪ್ರಧಾನಾಲಯವಾದಾಗ ಆಳುತ್ತಿದ್ದವನು ವೆಂಕಟಪತಿರಾಯ. ರೋಮಿನ ಆಜ್ಞೆಯಿಂದ, ಲಿಸ್ಬನ್ನಿನ ಪೋಷಣೆಯಲ್ಲಿ, ವಿಜಯನಗರದ ನೆಲದ ಮೇಲೆ ಈ ಪೀಠ ಹುಟ್ಟಿತು. 1662ರಲ್ಲಿ ಊರು ಗೋಲ್ಕೊಂಡದ ವಶವಾಯಿತು.

ಸ್ಥಳದ ಕಲ್ಲುಗಳೂ ಮಾತನಾಡುತ್ತವೆ. ಫಾದರ್ ಹೋಸ್ಟೆನ್ ಅವರು ಇಲ್ಲಿಯ ಪ್ರಾಚೀನಾವಶೇಷಗಳನ್ನು ವಿವರವಾಗಿ ದಾಖಲಿಸಿದರು. ಅವರ ಗ್ರಂಥ 1936ರಲ್ಲಿ ಹೊರಬಂದಿತು. ರಾಜೇಂದ್ರ ಚೋಳನ ಕಾಲದ ತಮಿಳು ಶಾಸನದ ತುಣುಕೊಂದು ಪ್ರಧಾನಾಲಯದ ಆವರಣದಲ್ಲಿ ದೊರೆತಿದೆ. ಮೈಲಾಪುರದ ಹಳೆಯ ಕಪಾಲೀಶ್ವರ ದೇಗುಲವು ಕಡಲ ಸಮೀಪದಲ್ಲಿತ್ತೆಂಬ ಅಭಿಪ್ರಾಯಕ್ಕೆ ಇಂತಹ ಕಲ್ಲುಗಳು ಆಧಾರವಾಗಿವೆ. ಆದರೆ ಕಲ್ಲು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವ ವಸ್ತು. ಇಗರ್ಜಿಯ ಗೋಡೆಯಲ್ಲಿ ದೇಗುಲದ ಕಲ್ಲು ಇದ್ದಮಾತ್ರಕ್ಕೆ ದೇಗುಲವೂ ಅದೇ ತಳಪಾಯದ ಮೇಲಿತ್ತೆಂದು ಹೇಳಲಾಗದು. ರಾಮರಾಯನಿಗೆ ಹೋದ ದೂರನ್ನೂ ಈ ಕಲ್ಲುಗಳನ್ನೂ ಜೊತೆಗಿಟ್ಟು ಪರಿಶೀಲಿಸುವ ಕೆಲಸವನ್ನು ವಿಜಯನಗರದ ಅಭ್ಯಾಸಿಗಳು ಕೈಗೆತ್ತಿಕೊಳ್ಳಬೇಕಾಗಿದೆ.