ತಾರಕೇಶ್ವರನ ಕಮಲದಿಂದ ಶಿಶುನಾಳದ ಗದ್ದಿಗೆವರೆಗೆ

ಭಾಗ 1 | ಹಾನಗಲ್

ಮೊದಲ ಫೋಟೋ ಉಲ್ಟಾ ಆಗಿದೆ ಅನ್ನಿಸಿದ್ರೆ ಫೋನ್ ತಿರುಗಿಸಬೇಡಿ. ಅದು ನೆಲ ಅಲ್ಲ, ಛಾವಣಿ. ಹಾನಗಲ್ಲಿನ ತಾರಕೇಶ್ವರ ಗುಡಿಯ ಮಂಟಪದ ನಡುವೆ ನಿಂತು ಕ್ಯಾಮೆರಾ ನೇರ ಮೇಲಕ್ಕೆ ಹಿಡಿದಿದ್ದು. ಕಲ್ಲಿನ ಸುತ್ತುಗಳು ಒಂದರೊಳಗೊಂದು ಕಿರಿದಾಗ್ತಾ ಹೋಗಿ, ನಟ್ಟನಡುವೆ ಒಂದು ದೊಡ್ಡ ಕಮಲ ತಲೆಕೆಳಗಾಗಿ ಇಳಿಬಿದ್ದಿದೆ. ಗಾರೆಯ ಗುಮ್ಮಟ ಅಲ್ಲ ಇದು. ಒಂದು ಕಲ್ಲಿಗಿಂತ ಮೇಲಿನ ಕಲ್ಲು ತುಸು ಒಳಗೆ ಚಾಚುವಂತೆ ಜೋಡಿಸ್ತಾ ಹೋಗಿ ಮುಚ್ಚಿದ್ದು. ಹನ್ನೆರಡನೇ ಶತಮಾನದ ಕೆಲಸ, ಇನ್ನೂ ಅಲುಗಿಲ್ಲ.

ಶಾಸನಗಳಲ್ಲಿ ಈ ಊರು ಪಾನುಂಗಲ್. ಊರವರನ್ನ ಕೇಳಿದ್ರೆ ವಿರಾಟನಗರ ಅಂತಾರೆ, ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಅಂತಾರೆ. ನಾವು ಶಾಸನದ ದಾರಿ ಹಿಡಿಯೋಣ. ಕಲ್ಯಾಣ ಚಾಲುಕ್ಯರ ಕೈಕೆಳಗೆ ಕದಂಬರ ಒಂದು ಶಾಖೆ ಇಲ್ಲಿಂದ ಆಳ್ತಿತ್ತು. ಆ ವಂಶದ ಕಾಮದೇವನ ಕಾಲಕ್ಕೆ, 1196ರಲ್ಲಿ, ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡು ಬಿಟ್ಟು ಹಾನಗಲ್ಲನ್ನು ಮುತ್ತಿದ. ಕಾಮದೇವನ ದಂಡನಾಯಕ ಸೋಹಣಿ ಆ ಸಲ ಅವನನ್ನ ಹಿಮ್ಮೆಟ್ಟಿಸಿದ. ಗುಡಿ ನೋಡಿ ಹಾಗೇ ಕಾರು ಹತ್ತಬೇಡಿ, ಇಲ್ಲಿನ ವೀರಗಲ್ಲುಗಳ ಮುಂದೆ ಹತ್ತು ನಿಮಿಷ ನಿಲ್ಲಿ. ಆನೆ, ಕುದುರೆ, ಬಿಲ್ಲು, ಬಿದ್ದವರು, ಅವರನ್ನ ಮೇಲಕ್ಕೆ ಕರೆದೊಯ್ಯೋ ಅಪ್ಸರೆಯರು, ಎಲ್ಲಾ ಒಂದೇ ಕಲ್ಲಲ್ಲಿ ಅಂತಸ್ತು ಅಂತಸ್ತಾಗಿ ಸಿಗ್ತವೆ.

ಕಾಮದೇವನ ಹೆಸರು ನೆನಪಿಟ್ಕೊಳ್ಳಿ, ಮುಂದಿನ ಊರಲ್ಲಿ ಮತ್ತೆ ಬರ್ತಾನೆ.

ಹಾನಗಲ್ ಅಂದ್ರೆ ಕುಮಾರ ಶಿವಯೋಗಿಗಳೂ (1867–1930) ಹೌದು. ಬಾದಾಮಿ ಹತ್ತಿರದ ಶಿವಯೋಗ ಮಂದಿರ ಕಟ್ಟಿದವರು. ಇದೇ ತಾಲೂಕಿನ ಕಣ್ಣಿಲ್ಲದ ಹುಡುಗನೊಬ್ಬನ ಕೈಹಿಡಿದು ಸಂಗೀತ ಕಲಿಸಿದರು. ಅವರೇ ಪಂಚಾಕ್ಷರಿ ಗವಾಯಿಗಳು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಹುಟ್ಟಿದ ದೇವಗಿರಿಯೂ ಹಾನಗಲ್ ತಾಲೂಕೇ. ಗದಗಿನ ಪುಣ್ಯಾಶ್ರಮದ ಬೇರು ಹುಡುಕಿದ್ರೆ ಇಲ್ಲಿಗೆ ಬಂದು ಮುಟ್ತೀರಿ.

ಭಾಗ 2 | ಅಬಲೂರು, ಹಿರೇಕೆರೂರು ತಾಲೂಕು

ಇದನ್ನ ಬರೆಯೋಕೆ ತಡ ಮಾಡಿದ್ದು ಬೇಕಂತಲೇ. ಸುಲಭದ ಊರಲ್ಲ ಇದು.

ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಒಂದು ದೊಡ್ಡ ಶಾಸನ ಇದೆ. ಆಳಂದದಿಂದ ಬಂದ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಅದು. ಊರಿನ ಜೈನರಿಗೂ ಅವನಿಗೂ ವಾದ ಆಗುತ್ತೆ, ಪಂಥ ಕಟ್ತಾರೆ. ರಾಮಯ್ಯ ತನ್ನ ತಲೆಯನ್ನೇ ಕಡಿದು ಶಿವನಿಗೆ ಒಪ್ಪಿಸ್ತಾನೆ, ಏಳು ದಿನದ ಮೇಲೆ ಗಾಯದ ಗುರುತೂ ಇಲ್ಲದಂತೆ ತಲೆ ಮರಳಿ ಕೂಡುತ್ತೆ. ಆಮೇಲೆ ಬಸದಿಯ ಜಿನಮೂರ್ತಿಯನ್ನ ಒಡೀತಾನೆ. ದೂರು ಬಿಜ್ಜಳನವರೆಗೆ ಹೋಗುತ್ತೆ, ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಡ್ತಾನೆ. ಕೊನೆಗೆ ಹಾನಗಲ್ಲಿನ ನಮ್ಮ ಕಾಮದೇವನೂ ಕಥೆ ಕೇಳಿ ಗುಡಿಗೆ ಊರೊಂದನ್ನ ದತ್ತಿ ಬಿಡ್ತಾನೆ.

ಶಾಸನ ಅಷ್ಟಕ್ಕೇ ನಿಲ್ಲಿಸಿಲ್ಲ. ಮೂರ್ತಿ ಒಡೆಯೋ ದೃಶ್ಯವನ್ನೇ ಉಬ್ಬುಶಿಲ್ಪದಲ್ಲಿ ಕೊರೆದು, ಕೆಳಗೆ ಇದು ಇಂಥದ್ದು ಅಂತ ಹೆಸರು ಬರೆದಿದ್ದಾರೆ. ಎಂಟುನೂರು ವರ್ಷದ ಹಿಂದಿನ ಕ್ಯಾಪ್ಷನ್ ಅನ್ನಬಹುದು!

ತಲೆ ಕೂಡಿದ್ದು ನಂಬಿಕೆಯ ಮಾತು, ಅದಕ್ಕೆ ನಾನು ಕೈ ಹಾಕಲ್ಲ. ಆದ್ರೆ ಬಸದಿ ಇತ್ತು, ಜಗಳ ಆಯ್ತು, ಗೆದ್ದವರು ಹೆಮ್ಮೆಯಿಂದ ಕಲ್ಲಲ್ಲಿ ಬರೆಸಿದರು, ರಾಜರು ಮುದ್ರೆ ಒತ್ತಿದರು. ಇಷ್ಟನ್ನ ಶಾಸನ ಬಚ್ಚಿಡಲ್ಲ, ನಾವು ಯಾಕೆ ಬಚ್ಚಿಡಬೇಕು? ನಮ್ಮ ಜಿಲ್ಲೆ ಬಗ್ಗೆ ಬರೆಯೋವಾಗ 'ಭಾವೈಕ್ಯದ ನಾಡು' ಅಂತ ಶುರು ಮಾಡಿ ಅಲ್ಲೇ ಮುಗಿಸಿಬಿಡ್ತೀವಿ. ಭಾವೈಕ್ಯ ಇಲ್ಲಿ ಮಳೆ ಬಂದಂಗೆ ತಾನಾಗೇ ಬಂದಿದ್ದಲ್ಲ.

ಅಂದಹಾಗೆ, ಸರ್ವಜ್ಞನ ತಾಯಿ ಮಾಳಿಯ ಊರು ಅಂತ ಜನ ತೋರಿಸೋದೂ ಇದೇ ಅಬಲೂರನ್ನ. ಅಪ್ಪನ ಊರು ಪಕ್ಕದ ಮಾಸೂರು. ಮಡಗ ಮಾಸೂರು ಕೆರೆಗೆ ಬೇರೆ ಪೋಸ್ಟೇ ಬೇಕು.

ಭಾಗ 3 | ಬಂಕಾಪುರ, ಶಿಗ್ಗಾಂವಿ ತಾಲೂಕು

ಪುಣೆ–ಬೆಂಗಳೂರು ಹೈವೇಯಲ್ಲಿ ಬೋರ್ಡ್ ನೋಡಿ ಸಾವಿರ ಸಲ ದಾಟಿರ್ತೀರಿ. ಒಮ್ಮೆ ಗಾಡಿ ತಿರುಗಿಸಿ. ಕೋಟೆಯೊಳಗೆ ನವಿಲುಧಾಮ ಇದೆ, ಖಿಲಾರಿ ದನಗಳ ತಳಿ ಕೇಂದ್ರ ಇದೆ, ಅವುಗಳ ನಡುವೆ ನಗರೇಶ್ವರ ಗುಡಿ. ಊರ ಬಾಯಲ್ಲಿ ಅರವತ್ತು ಕಂಬದ ಗುಡಿ. ಕಂಬಗಳನ್ನ ಮುಟ್ಟಿ ನೋಡ್ರಿ, ಕಲ್ಲೋ ಎಣ್ಣೆ ಹಚ್ಚಿದ ಮರವೋ ಅನ್ನೋ ಹಾಗಿವೆ. ಎರಡನೇ ಫೋಟೋದಲ್ಲಿ ನನ್ನ ನೆರಳು ಒಂದು ಕಂಬದ ಮೇಲೆ ಕಾಣ್ತಿದೆ.

ಆದ್ರೆ ಬಂಕಾಪುರದ ದೊಡ್ಡ ಕಥೆ ಇವತ್ತು ಕಣ್ಣಿಗೆ ಕಾಣಲ್ಲ. ರಾಷ್ಟ್ರಕೂಟ ಅಮೋಘವರ್ಷನ ಸೇನಾಪತಿ ಬಂಕೇಶನ ಹೆಸರಿನ ಊರು ಇದು. ಅವನ ಮಗ ಲೋಕಾದಿತ್ಯ ಇಲ್ಲಿಂದ ಆಳ್ತಿದ್ದಾಗ, 898ರಲ್ಲಿ, ಗುಣಭದ್ರರ ಉತ್ತರಪುರಾಣಕ್ಕೆ ಇಲ್ಲೇ ಪೂಜೆ ಆಯ್ತು. ಗಂಗರ ದೊರೆ ಇಮ್ಮಡಿ ಮಾರಸಿಂಹ ಲೆಕ್ಕವಿಲ್ಲದಷ್ಟು ಯುದ್ಧ ಮಾಡಿ, ಕೊನೆಗೆ ಎಲ್ಲಾ ಬಿಟ್ಟು ಬಂದದ್ದು ಈ ಊರಿಗೆ. ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಉಪವಾಸ ಕೂತು ದೇಹ ಬಿಟ್ಟ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬ ಈ ಮಾತು ಹೇಳುತ್ತೆ. ಚಾವುಂಡರಾಯನಿಗೂ ಕವಿ ರನ್ನನಿಗೂ ಗುರು ಅದೇ ಅಜಿತಸೇನರು. ಒಂದು ಕಾಲದ ವಿದ್ಯಾಪೀಠ ಇದು! ಈಗ ಅದರ ಜಾಗದಲ್ಲಿ ಜಾಲಿ ಕಂಟಿ, ನವಿಲಿನ ಕೂಗು.

ಆಮೇಲಿನ ಏಟು 1573ರದ್ದು. ವರ್ಷ ದಾಟಿದ ಮುತ್ತಿಗೆ ಮುಗಿದು ಕೋಟೆ ವಿಜಯಪುರದ ಅಲಿ ಆದಿಲ್ ಶಾಹನ ಕೈಗೆ ಬಂತು. ಇಲ್ಲಿನ ಭವ್ಯ ಗುಡಿಯೊಂದನ್ನ ಕೆಡವಿಸಿ ಮಸೀದಿಗೆ ಅಡಿಪಾಯ ಹಾಕಿಸಿದ ಅಂತ ಫಿರಿಶ್ತಾ ಬರೆದಿದ್ದಾನೆ. ಕಾಮೆಂಟಲ್ಲಿ ಕೆಲವರು ಈ ಸಾಲು ಮಾತ್ರ ಎತ್ಕೊಂಡು ಹೋಗ್ತಾರೆ, ಗೊತ್ತು. ಎತ್ಕೊಳ್ಳಿ, ಜೊತೆಗೆ ಭಾಗ 2ನ್ನೂ ಎತ್ಕೊಳ್ಳಿ.

ಬಂಕಾಪುರದ ಹತ್ತಿರವೇ ಬಾಡ. ತಿಮ್ಮಪ್ಪ ನಾಯಕ ಕನಕದಾಸರಾಗೋ ಮೊದಲಿನ ಊರು. ಅಲ್ಲಿ ಈಗ ಹೊಸದಾಗಿ ಅರಮನೆ ಕಟ್ಟಿದ್ದಾರೆ. ಮಕ್ಕಳಿಗೆ ಖುಷಿ ಆಗುತ್ತೆ, ನನಗೆ ಅದರ ಹೊಸ ಬಣ್ಣಕ್ಕಿಂತ ಊರೇ ಇಷ್ಟ ಆಯ್ತು.

ಭಾಗ 4 | ಸವಣೂರು

ಸವಣೂರಿಗೆ ಹೋಗಿ ಖಾರ, ಎಲೆ ತಗೊಂಡು ವಾಪಸ್ ಬರೋರೇ ಜಾಸ್ತಿ. 17ನೇ ಶತಮಾನದ ಕೊನೆಗೆ ಪಠಾಣ ಸರದಾರ ಅಬ್ದುಲ್ ರವೂಫ್ ಖಾನನಿಗೆ ಬಂಕಾಪುರದ ಸೀಮೆ ಜಾಗೀರಾಗಿ ಬಂತು, ನವಾಬರ ಗಾದಿ ಮುಂದೆ ಸವಣೂರಲ್ಲಿ ನೆಲೆಯಾಯ್ತು. ಮರಾಠರು ಮುತ್ತಿದರು, 1786ರಲ್ಲಿ ಟಿಪ್ಪು ಬಂದು ಊರು ಹಿಡಿದ. ನವಾಬನೂ ಮುಸ್ಲಿಂ, ಟಿಪ್ಪುವೂ ಮುಸ್ಲಿಂ ಅನ್ನೋದು ಅಲ್ಲಿ ಯಾರನ್ನೂ ತಡೀಲಿಲ್ಲ. ಅದೇ ನವಾಬರ ಊರಲ್ಲೇ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನ ಇದೆ. ಅವರು ತೀರಿಕೊಂಡದ್ದು 1783ರಲ್ಲಿ, ನವಾಬಿ ನಡೀತಿದ್ದ ಕಾಲದಲ್ಲೇ. ಇವತ್ತಿಗೂ ದೂರದೂರಿಂದ ಮಾಧ್ವರು ಆರಾಧನೆಗೆ ಬರ್ತಾರೆ.

ಕೊನೆ ಫೋಟೋ ದೊಡ್ಡಹುಣಸೆ ಮಠದ ಮರಗಳದ್ದು. ನಮ್ಮ ಹುಣಸೆ ಅಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ಯಾರು ತಂದು ನೆಟ್ಟರೋ, ಈಗ ಲಿಂಗಾಯತ ಮಠದ ಅಂಗಳದ ಹಿರಿಯರು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತ್ತು. ಸೌದೆ ಮಾಡಲಿಲ್ಲ ಯಾರೂ, ಯಂತ್ರ ತರಿಸಿ ಎತ್ತಿ ನಿಲ್ಲಿಸಿ ಮತ್ತೆ ನೆಟ್ಟರು.

ಭಾಗ 5 | ಹುಲಗೂರು, ಶಿಶುನಾಳ

ಮತ್ತೆ ಶಿಗ್ಗಾಂವಿ ತಾಲೂಕು. ಶಿಶುನಾಳದ ಇಮಾಮ್ ಸಾಹೇಬರು ಹುಲಗೂರಿನ ಖಾದರಿ ಸಂತರ ಭಕ್ತರು. ಆ ದರ್ಗಾದ ಹರಕೆಯಿಂದ ಹುಟ್ಟಿದ ಮಗ ಅಂತ ಹೇಳೋದು ಶರೀಫರನ್ನ (1819–1889). ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ಬಿಟ್ಟರು. ಗುರುವಾಗಿ ಸಿಕ್ಕಿದ್ದು ಕಳಸದ ಗೋವಿಂದ ಭಟ್ಟರು. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ. ಭಟ್ಟರು ತಮ್ಮ ಜನಿವಾರವನ್ನೇ ಶರೀಫರಿಗೆ ಹಾಕಿದರು ಅನ್ನೋ ಕಥೆ ನಿಮಗೆ ಗೊತ್ತು. ಅದರ ಮುಂದಿನದು ಗೊತ್ತಾ? ಎರಡೂ ಕಡೆಯವರು ಇಬ್ಬರನ್ನೂ ಬೈದರು. ಆಗಲೂ ಪಂಥ ಇತ್ತು, ಜಗಳ ಇತ್ತು. ಇಲ್ಲಿ ಯಾರೂ ಯಾರ ಮೂರ್ತಿಯನ್ನೂ ಒಡೀಲಿಲ್ಲ, ಅಷ್ಟೇ. ಶರೀಫರು ಪದ ಕಟ್ಟಿ ಹಾಡಿದರು.

ಅವರು ತೀರಿಕೊಂಡಾಗ ಕುರಾನೂ ಓದಿದರು, ಮಂತ್ರವೂ ಹೇಳಿದರು ಅಂತಾರೆ. ಗದ್ದಿಗೆ ಹತ್ತಿರ ಅರ್ಧ ಗಂಟೆ ಕೂತ್ರೆ ಸಾಕು. ಒಬ್ಬರು ಸಕ್ಕರೆ ಓದಿಸ್ತಾರೆ, ಪಕ್ಕದವರು ಕಾಯಿ ಒಡೀತಾರೆ. ಕ್ಯಾಮೆರಾ ತೆಗೆಯೋ ಮುಂಚೆ ಒಂದು ಮಾತು ಕೇಳಿ, ಯಾರೂ ಬೇಡ ಅನ್ನಲ್ಲ.

ಮುಂದಿನ ಸರಣಿ ರಟ್ಟೀಹಳ್ಳಿ ಕದಂಬೇಶ್ವರದಿಂದ. ಮೂರು ಗರ್ಭಗುಡಿಯ ದೇವಸ್ಥಾನ, ವೈಡ್ ಲೆನ್ಸ್ ಬೇಕೇ ಬೇಕು.

#ಹಾನಗಲ್ #ಅಬಲೂರು #ಬಂಕಾಪುರ #ಸವಣೂರು #ಶಿಶುನಾಳ