ಪೀಠವೂ ಬೆನ್ನುಮೂಳೆಯೂ

ವಿಮಾನದ ಚರಿತ್ರೆಕಾರರು ರೆಕ್ಕೆ, ಎಂಜಿನು, ವೇಗಗಳ ವಿಷಯವಾಗಿ ಪುಟಗಟ್ಟಲೆ ಬರೆದಿರುವರಾದರೂ ಚಾಲಕನು ಕುಳಿತುಕೊಳ್ಳುವ ಪೀಠದ ವಿಷಯದಲ್ಲಿ ಮಿತಭಾಷಿಗಳು. ಆ ಪೀಠಕ್ಕೂ ಅದಕ್ಕೆ ಒರಗಿದವನ ಬೆನ್ನಿಗೂ ನಡೆದ ವ್ಯವಹಾರವೇ ಒಂದು ಸ್ವತಂತ್ರ ಇತಿಹಾಸವೆಂದು ನನ್ನ ಎಣಿಕೆ.

ಎರಡನೆಯ ಮಹಾಯುದ್ಧದ ವೇಳೆಗೆ ವೇಗವು ಎಷ್ಟು ಹೆಚ್ಚಿತೆಂದರೆ, ವಿಪತ್ತಿನಲ್ಲಿ ಸಿಲುಕಿದ ಚಾಲಕನು ಗಾಳಿಯ ರಭಸವನ್ನೆದುರಿಸಿ ತಾನಾಗಿ ಹೊರಕ್ಕೆ ಧುಮುಕುವುದು ಅಸಾಧ್ಯಪ್ರಾಯವಾಯಿತು. ಜರ್ಮನಿಯಲ್ಲಿ ಹೈಂಕೆಲ್ ಕಾರ್ಖಾನೆಯವರು ಅದುಮಿದ ಗಾಳಿಯ ಬಲದಿಂದ ಪೀಠವನ್ನೇ ಹೊರಕ್ಕೆಸೆಯುವ ಉಪಾಯವನ್ನು ಕಂಡುಕೊಂಡರು. 1942ರ ಜನವರಿಯಲ್ಲಿ ಹೆಲ್ಮುಟ್ ಶೆಂಕ್ ಎಂಬ ವೈಮಾನಿಕನು ಹಿಮಗಟ್ಟಿದ ವಿಮಾನದಿಂದ ಹಾಗೆಯೇ ಪಾರಾದನು. ಇಂಗ್ಲೆಂಡಿನಲ್ಲಿ ಈ ಕಾರ್ಯವನ್ನು ಕೈಗೆತ್ತಿಕೊಂಡ ಜೇಮ್ಸ್ ಮಾರ್ಟಿನ್, ಡೆನ್‌ಹ್ಯಾಮಿನ ತನ್ನ ಕಾರ್ಖಾನೆಯಲ್ಲಿ 16 ಅಡಿಯ ಗೋಪುರವೊಂದನ್ನು ನಿಲ್ಲಿಸಿ, ಸಿಡಿಮದ್ದಿನ ತೋಟೆಯಿಂದ ಪೀಠವನ್ನು ಹಳಿಗಳ ಮೇಲೆ ಹಾರಿಸತೊಡಗಿದನು. ಮೊದಲು ಬರಿಯ ಭಾರವನ್ನು ಕೂರಿಸಿ ನೋಡಿದ ಬಳಿಕ, 1945ರ ಜನವರಿ 24ರಂದು ಅಲ್ಲಿಯ ಫಿಟ್ಟರು ಬರ್ನಾರ್ಡ್ ಲಿಂಚ್ ಸ್ವೇಚ್ಛೆಯಿಂದ ಕುಳಿತು 4 ಅಡಿ 8 ಅಂಗುಲ ಮೇಲೇರಿದನು. ಮದ್ದನ್ನು ಹೆಚ್ಚಿಸುತ್ತ ಹೋಗಿ 10 ಅಡಿ ಮುಟ್ಟಿದಾಗ ಅವನಿಗೂ ಮೈ ನೊಂದಿತು. ಕುತೂಹಲದಿಂದ ಅದೇ ಪೀಠವನ್ನೇರಿದ ಪತ್ರಕರ್ತನೊಬ್ಬನ ಕಶೇರುಗಳಿಗೆ ಪೆಟ್ಟೇ ಬಿದ್ದಿತು.

ಮಾರ್ಟಿನ್ನನು ಎಂಜಿನಿಯರನಾಗಿದ್ದೂ ಶರೀರಶಾಸ್ತ್ರದ ವಿದ್ಯಾರ್ಥಿಯಾದದ್ದು ಇಲ್ಲಿಂದ. ಬೆನ್ನನ್ನು ಮುರಿಯುವುದು ಬಲದ ಪ್ರಮಾಣ ಮಾತ್ರವಲ್ಲ, ಆ ಬಲವು ಎರಗುವ ಆತುರವೂ ಹೌದೆಂಬುದು ಆಗ ಸ್ಪಷ್ಟವಾಯಿತು. ಗುರುತ್ವದ 21 ಪಟ್ಟನ್ನು ಮೀರಬಾರದು, ಆ ಶಿಖರವೂ ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಉಳಿಯಬಾರದು, ಬಲದ ಏರಿಕೆಯ ವೇಗ ಸೆಕೆಂಡಿಗೆ 300 ಪಟ್ಟನ್ನು ದಾಟಬಾರದು ಎಂಬ ಮಿತಿಗಳನ್ನು ಗೊತ್ತುಮಾಡಿಕೊಂಡು, ಒಂದೇ ತೋಟೆಯ ಸ್ಥಾನದಲ್ಲಿ ಒಂದಾದಮೇಲೊಂದು ಸಿಡಿಯುವ ಎರಡನ್ನು ಅವನು ಇಟ್ಟನು. ಚಾಲಕನು ತಲೆಯ ಮೇಲಿನ ಹಿಡಿಯನ್ನು ಎರಡು ಕೈಗಳಿಂದಲೂ ಸೆಳೆದಾಗ ಮುಖದ ಮೇಲೆ ಇಳಿಯುವ ಪರದೆ ಗಾಳಿಯನ್ನು ತಡೆಯಲಿಕ್ಕೆಂದು ನೋಡಿದವರು ತಿಳಿಯುವರು; ಅದು ನಿಜವಾದರೂ, ಆ ಸೆಳೆತದಲ್ಲಿ ಬೆನ್ನು ತಾನಾಗಿ ನೆಟ್ಟಗಾಗಿ ಕಶೇರುಗಳು ಒಂದರ ಮೇಲೊಂದು ಸಮನಾಗಿ ಕೂರುವುದೇ ಅದರ ಜಾಣ್ಮೆ. 1946ರ ಜುಲೈ 24ರಂದು ಲಿಂಚನು ಹಾರುತ್ತಿದ್ದ ಮೀಟಿಯರ್ ವಿಮಾನದಿಂದ ಚಿಮ್ಮಿ ಕ್ಷೇಮವಾಗಿ ಇಳಿದನು.

ನಮ್ಮ ಬೆಂಗಳೂರಿನಲ್ಲಿ 1957ರಲ್ಲಿ ಸ್ಥಾಪಿತವಾದ ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ, ಹೀಗೆ ಚಿಮ್ಮಿ ಬದುಕಿದವರ ಬೆನ್ನನ್ನು ಪರೀಕ್ಷಿಸುವುದು ಇಂದಿಗೂ ನಡೆದಿದೆ. ಪಕ್ಕೆಲುಬುಗಳ ಆಸರೆಯುಳ್ಳ ಭಾಗವು ಮುಗಿದು ಸ್ವಚ್ಛಂದವಾದ ಸೊಂಟವು ಆರಂಭವಾಗುವ ಸಂಧಿಯಲ್ಲಿಯೇ ಬಿರುಕು ಹೆಚ್ಚು.

ಹೆಲಿಕಾಪ್ಟರಿನವರ ಪಾಡು ಬೇರೆ. ಇದೇ ಊರಿನ ಹೆಚ್.ಎ.ಎಲ್. ಕಾರ್ಖಾನೆಯಲ್ಲಿ ತಯಾರಾದ ಚೇತಕ್‌ನಂಥ ಯಂತ್ರದಲ್ಲಿ ಎಡಗೈ ಪಕ್ಕದ ಸನ್ನೆಯ ಮೇಲೆ, ಬಲಗೈ ಮೊಣಕಾಲುಗಳ ನಡುವಣ ಹಿಡಿಯ ಮೇಲೆ, ಪಾದಗಳೆರಡೂ ಪೆಡಲಿನ ಮೇಲೆ. ಮೈ ಮುಂದಕ್ಕೂ ಎಡಕ್ಕೂ ವಾಲಿಯೇ ಇರಬೇಕು. ಅದರ ಮೇಲೆ ರೋಟರಿನ ಎಡೆಬಿಡದ ಕಂಪನ. ಕಶೇರುಗಳ ನಡುವೆ ಮೆತ್ತೆಯಂತಿರುವ ಡಿಸ್ಕಿಗೆ ಪ್ರೌಢವಯಸ್ಸಿನಲ್ಲಿ ಸ್ವಂತ ರಕ್ತನಾಳಗಳಿಲ್ಲ. ನೆರೆಯ ಕಶೇರುವಿನಿಂದ ಜಿನುಗಿ ಬಂದುದೇ ಅದರ ಆಹಾರವಾದ್ದರಿಂದ, ಇಂಥ ಎಡೆಬಿಡದ ಒತ್ತಡವನ್ನು ಅದು ಸುಲಭವಾಗಿ ತಾಳದು. ಇವರ ಬೆನ್ನುನೋವಿಗೆ ಕಂಪನಕ್ಕಿಂತ ಈ ವಕ್ರಾಸನವನ್ನೇ ಹೆಚ್ಚು ದೂರಿದ ವೈದ್ಯರುಂಟು. ಆ ನೋವಾದರೋ ಹಾರಾಟದಲ್ಲಿ ಹುಟ್ಟಿ, ಇಳಿದ ಕೆಲ ಗಂಟೆಗಳಲ್ಲಿ ಬಹುಮಟ್ಟಿಗೆ ಅಡಗುವಂಥದು; ಹೇಳಿಕೊಂಡರೆ ಹಾರುವ ಅರ್ಹತೆಗೇ ಸಂಚಕಾರ ಬಂದೀತೆಂಬ ಅಂಜಿಕೆಯೂ ಸೇರಿ, ಅನೇಕರು ಅದನ್ನು ಮುಚ್ಚಿಟ್ಟುಕೊಂಡೇ ಹಾರಿದರು.