ಮನೆಯಲ್ಲಿ ಕ್ವೇಯೋಲ್, ಶಾಲೆಯಲ್ಲಿ ಇಂಗ್ಲಿಷ್: ಸೇಂಟ್ ಲೂಸಿಯಾದ ಶಾಲೆಗಳ ಕಥೆ

ಕೆರಿಬಿಯನ್ ಸಮುದ್ರದಲ್ಲಿ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪರಾಷ್ಟ್ರವಿದೆ. ಜನಸಂಖ್ಯೆ ಎರಡು ಲಕ್ಷವೂ ಇಲ್ಲ. ಆದರೂ ಇಬ್ಬರು ನೊಬೆಲ್ ಪುರಸ್ಕೃತರು ಹುಟ್ಟಿದ ನೆಲವದು. ಅರ್ಥಶಾಸ್ತ್ರಕ್ಕೆ 1979ರಲ್ಲಿ ಆರ್ಥರ್ ಲೂಯಿಸ್, ಸಾಹಿತ್ಯಕ್ಕೆ 1992ರಲ್ಲಿ ಡೆರೆಕ್ ವಾಲ್ಕಾಟ್. ಇಬ್ಬರ ಹುಟ್ಟುಹಬ್ಬವೂ ಜನವರಿ 23. ಇಬ್ಬರೂ ಓದಿದ್ದು ರಾಜಧಾನಿ ಕ್ಯಾಸ್ಟ್ರೀಸಿನ ಸೇಂಟ್ ಮೇರೀಸ್ ಕಾಲೇಜಿನಲ್ಲಿ. ಹೆಸರಿಗೆ ಕಾಲೇಜಾದರೂ ಅದೊಂದು ಪ್ರೌಢಶಾಲೆ.

ಫ್ರೆಂಚರೂ ಇಂಗ್ಲಿಷರೂ ಮತ್ತೆ ಮತ್ತೆ ಕಾದಾಡಿದ ಈ ದ್ವೀಪ 1814ರಲ್ಲಿ ಬ್ರಿಟಿಷರಿಗೆ ಖಾಯಂ ಆಯಿತು. ಅಷ್ಟರಲ್ಲಿ ತೋಟದ ಗುಲಾಮರ ಬಾಯಲ್ಲಿ ಫ್ರೆಂಚ್ ಪದಗಳೂ ಆಫ್ರಿಕದ ನುಡಿಜಾಡೂ ಬೆರೆತ ಕ್ವೇಯೋಲ್ ಬೇರುಬಿಟ್ಟಿತ್ತು. 1838ರಲ್ಲಿ ಗುಲಾಮಗಿರಿಯಿಂದ ಪೂರ್ಣ ಬಿಡುಗಡೆ ಸಿಕ್ಕಿತು. ಆ ಕಾಲದಲ್ಲೇ ಮೈಕೋ ದತ್ತಿಯ ಶಾಲೆಗಳು ಬಂದವು. ಈ ದತ್ತಿಯ ಹಣದ ಕಥೆಯೂ ಸ್ವಾರಸ್ಯಕರ. ಕಡಲ್ಗಳ್ಳರ ಸೆರೆಯಲ್ಲಿದ್ದ ಕ್ರೈಸ್ತರನ್ನು ಬಿಡಿಸಲೆಂದು ಲಂಡನ್ನಿನ ಲೇಡಿ ಮೈಕೋ 1670ರಲ್ಲಿ ಬರೆದಿಟ್ಟ ಹಣ ಅದು. ಬಿಡಿಸಬೇಕಾದ ಸೆರೆಯಾಳುಗಳು ಇಲ್ಲವಾದಾಗ, ಹಣ ಬೆಳೆದು ಬೆಳೆದು ಕೊನೆಗೆ ಬಿಡುಗಡೆಯಾದ ಗುಲಾಮರ ಮಕ್ಕಳ ಶಾಲೆಗೆ ಒದಗಿತು.

ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ, ಮಕ್ಕಳಿಗೆ ಗೊತ್ತಿದ್ದುದು ಕ್ವೇಯೋಲ್. ಮುಂದೆ ತಲೆಮಾರುಗಳ ತನಕ ಶಾಲೆಯಲ್ಲಿ ಮನೆಮಾತಾಡಿದ ಮಗುವಿಗೆ ಶಿಕ್ಷೆಯಾಗುತ್ತಿತ್ತು. ಮನೆಮಾತೊಂದು, ಶಾಲೆಯ ಮಾತೊಂದು ಎಂಬ ಪಾಡು ಗಡಿನಾಡಿನ ನಮಗೆ ಹೊಸದಲ್ಲ. ಮಗು ಬಾಯಿ ಮುಚ್ಚಿ ಕೂತರೆ ದಡ್ಡನೆಂದು ಬರೆದುಬಿಡುವುದು ಎಷ್ಟು ಸುಲಭ!

ಹಾಗಾದರೆ ಆ ಇಬ್ಬರು ಗೆದ್ದದ್ದು ಹೇಗೆ? ಬುದ್ಧಿ ಇತ್ತು, ನಿಜ. ಆದರೆ ಇಬ್ಬರೂ ಮೇಷ್ಟರ ಮನೆಯ ಮಕ್ಕಳು ಎಂಬುದನ್ನೂ ನೋಡಬೇಕು. ಲೂಯಿಸರ ತಂದೆತಾಯಿ ಆಂಟಿಗುವಾದಿಂದ ಬಂದ ಶಿಕ್ಷಕರು. ವಾಲ್ಕಾಟರ ತಾಯಿ ಶಿಕ್ಷಕಿ. ಶಾಲೆಯ ಇಂಗ್ಲಿಷ್ ಅವರಿಗೆ ಮನೆಯಲ್ಲೇ ಸಿಕ್ಕಿತ್ತು. ಕಬ್ಬಿನ ತೋಟದ ಕೂಲಿಯ ಮಗುವಿಗೆ ಆ ಭಾಗ್ಯ ಎಲ್ಲಿತ್ತು?

ಲೂಯಿಸ್ 14ನೇ ವಯಸ್ಸಿಗೇ ಶಾಲೆ ಮುಗಿಸಿದರು. ಮುಂದೆ ಓದಲು ದ್ವೀಪದಲ್ಲಿ ಕಾಲೇಜಿರಲಿಲ್ಲ. ಕೆಲಕಾಲ ಗುಮಾಸ್ತರಾಗಿ ದುಡಿದು, 1932ರಲ್ಲಿ ವಿದ್ಯಾರ್ಥಿವೇತನ ಗೆದ್ದು ಲಂಡನ್ನಿಗೆ ಹೋದರು. 1948ರಲ್ಲಿ ಜಮೈಕಾದಲ್ಲಿ ವೆಸ್ಟ್ ಇಂಡೀಸಿನ ಯೂನಿವರ್ಸಿಟಿ ಕಾಲೇಜು ತೆರೆಯಿತು. ವಾಲ್ಕಾಟ್ ಅಲ್ಲಿಯೇ ಓದಿದರು. 1962ರಲ್ಲಿ ಅದು ಪೂರ್ಣ ವಿಶ್ವವಿದ್ಯಾಲಯವಾದಾಗ ಮೊದಲ ಕುಲಪತಿಯಾದವರು ಇದೇ ಲೂಯಿಸ್.

ದ್ವೀಪ 1979ರಲ್ಲಿ ಸ್ವತಂತ್ರವಾಯಿತು. 1985ರಲ್ಲಿ ಮೋರ್ನ್ ಫಾರ್ಚೂನ್ ಗುಡ್ಡದ ಮೇಲೆ ಲೂಯಿಸರ ಹೆಸರಿನ ಕಾಲೇಜು ಆರಂಭವಾಯಿತು. ಅವರ ಸಮಾಧಿಯೂ ಅದರ ಆವರಣದಲ್ಲೇ ಇದೆ. ಪ್ರಾಥಮಿಕ ಮುಗಿಸಿದ ಎಲ್ಲ ಮಕ್ಕಳಿಗೂ ಪ್ರೌಢಶಾಲೆಯಲ್ಲಿ ಜಾಗ ಸಿಕ್ಕಿದ್ದು ಮಾತ್ರ 2006ರಲ್ಲಿ.

ಕ್ವೇಯೋಲ್ ಕೂಡ ತಲೆಯೆತ್ತಿತು. ಅದನ್ನು ಬರೆಯುವ ಕ್ರಮಕ್ಕೆ ಕೈಪಿಡಿ ಮಾಡಿದವರಲ್ಲೊಬ್ಬರು ಪರ್ಲೆಟ್ ಲೂಯಿಸಿ. ಆರ್ಥರ್ ಲೂಯಿಸ್ ಕಾಲೇಜಿನ ಪ್ರಾಂಶುಪಾಲೆಯಾಗಿದ್ದ ಅವರು 1997ರಿಂದ 2017ರ ತನಕ ದೇಶದ ಗವರ್ನರ್ ಜನರಲ್ ಆಗಿದ್ದರು. 2001ರಲ್ಲಿ ಶಿಕ್ಷಣ ಸಚಿವಾಲಯವೇ ಕ್ವೇಯೋಲ್ ನಿಘಂಟು ಹೊರತಂದಿತು.

ಇಬ್ಬರು ನೊಬೆಲ್ ಗೆದ್ದರೆಂದು ಆ ಪದ್ಧತಿ ಸರಿಯಿತ್ತು ಎನ್ನಲಾಗದು. ಮಾತು ತಿಳಿಯದೆ ಹಿಂದಿನ ಬೆಂಚಿನಲ್ಲೇ ಉಳಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಶಿಕ್ಷಕರಾದ ನಾವು ಆ ಬೆಂಚಿನತ್ತ ಒಮ್ಮೆ ತಿರುಗಿ ನೋಡೋಣ.